ಹೊಗೆಯ ದಾರಿಯಲ್ಲಿ ನೀರು

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯ ಯಾಂತ್ರಿಕ ಮೀನುಗಾರಿಕೆಗೆ ಕಡ್ಡಾಯ ರಜೆ. ಮೀನುಗಳಿಗೆ ಅದು ಮೊಟ್ಟೆಯಿಡುವ ಕಾಲ, ಕಡಲಿಗೆ ಅದು ಸಿಟ್ಟಿನ ಕಾಲ. ಮಲ್ಪೆ, ಗಂಗೊಳ್ಳಿ, ಭಟ್ಕಳ, ತದಡಿ, ಕಾರವಾರದ ಬಂದರುಗಳಲ್ಲಿ ಬೋಟುಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಲ್ಲುತ್ತವೆ. ದುರಸ್ತಿಯ ಪಟ್ಟಿ ತಯಾರಾಗುವುದು ಆಗಲೇ. ಬಲೆಗೆ ಹೊಲಿಗೆ, ಹಲಗೆಗೆ ಬಣ್ಣ, ಎಂಜಿನ್ನಿಗೆ ಹೊಸ ಆಯಿಲ್, ಪ್ರೊಪೆಲ್ಲರಿಗೆ ತಿಕ್ಕಾಟ, ಹೀಗೆ ಪಟ್ಟಿ ಬೆಳೆಯುತ್ತದೆ. ಅದರ ಕಟ್ಟಕಡೆಗೆ ಬರುವ, ಎಷ್ಟೋ ಸಲ ಬಾರದೆಯೇ ಹೋಗುವ ಒಂದು ಸಾಮಾನು ಇದೆ. ಅದು ಎಂಜಿನ್ನಿನ ಹೊಗೆ ಉಗುಳುವ ಕೊಳವೆ. ಮೆಕ್ಯಾನಿಕ್‌ಗಳ ಬಾಯಲ್ಲಿ ‘ಸೈಲೆನ್ಸರ್ ಪೈಪು’.

ದೋಣಿಯೆಂದರೆ ನೀರನ್ನು ಹೊರಗಿಡುವ ಪಾತ್ರೆ. ಹಾಗಿದ್ದರೂ ಮನುಷ್ಯ ಅದಕ್ಕೆ ತಾನೇ ಕೈಯಾರೆ ತೂತು ಕೊರೆಯುತ್ತಾನೆ. ಪ್ರೊಪೆಲ್ಲರಿನ ದಂಡಕ್ಕೊಂದು, ಚುಕ್ಕಾಣಿಗೊಂದು, ಎಂಜಿನ್ ತಂಪು ಮಾಡುವ ನೀರಿಗೊಂದು, ಹೊಗೆಗೊಂದು. ಮೊದಲ ಮೂರು ತಣ್ಣಗಿನ ತೂತುಗಳು. ನಾಲ್ಕನೆಯದರ ಪಾಡೇ ಬೇರೆ. ಭಾರ ಎಳೆಯುತ್ತಿರುವ ಡೀಸೆಲ್ ಎಂಜಿನ್ನಿನಿಂದ ಹೊರಬೀಳುವ ಹೊಗೆಯ ಬಿಸಿ 400 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಒಳಗೆ ಆ ಬಿಸಿ, ಹೊರಗೆ ಉಪ್ಪುನೀರು, ಮೇಲೆ ಮಳೆ, ದಿನವಿಡೀ ಎಂಜಿನ್ನಿನ ನಡುಕ. ಇಷ್ಟನ್ನೆಲ್ಲ ಒಂದೇ ಕೊಳವೆ ಸಹಿಸಬೇಕು. ಅಲ್ಲಿ ನೀರು ಸೋರಿದರೆ ಆಶ್ಚರ್ಯವೇನಿಲ್ಲ.

ಆಶ್ಚರ್ಯವೇನಿದ್ದರೂ ಸೋರಿಕೆ ಕಂಡಾಗ ನಾವು ಮಾಡುವ ಕೆಲಸದ ಬಗ್ಗೆ. ಹತ್ತಿರದ ಅಂಗಡಿಯಿಂದ ಎಂ-ಸೀಲ್ ತಂದು, ಹನಿ ಕಂಡ ಜಾಗಕ್ಕೆ ಮೆತ್ತಿ, ಕೈ ತೊಳೆದುಕೊಳ್ಳುತ್ತೇವೆ. ನಾಲ್ಕು ದಿನಕ್ಕೆ ಹನಿ ಪಕ್ಕದಲ್ಲಿ ಕಾಣಿಸುತ್ತದೆ. ಅಲ್ಲಿಗೂ ಮೆತ್ತುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ ಇದು. ಹನಿ ಎಲ್ಲಿ ಬೀಳುತ್ತದೆ ಎಂಬುದು ಮುಖ್ಯವಲ್ಲ. ಅದು ಎಲ್ಲಿಂದ ಹೊರಟಿತು, ಯಾಕೆ ಹೊರಟಿತು ಎಂಬುದು ಮುಖ್ಯ. ಹೊಗೆಕೊಳವೆಯ ಮಟ್ಟಿಗಂತೂ ಈ ಪ್ರಶ್ನೆ ಕೇಳದೆ ಮೆತ್ತಿದರೆ ಎಂಜಿನ್ ಹೋದೀತು, ಕೆಲವೊಮ್ಮೆ ಜೀವವೂ ಹೋದೀತು.

ದೋಣಿಯ ಹೊಗೆಕೊಳವೆಗಳಲ್ಲಿ ಎರಡು ಬಗೆ. ಒಂದು ಒಣ ಕೊಳವೆ, ಇನ್ನೊಂದು ಒದ್ದೆ ಕೊಳವೆ. ನಮ್ಮ ಟ್ರಾಲರ್ ಬೋಟುಗಳಲ್ಲಿ ಹೆಚ್ಚಾಗಿ ಕಾಣುವುದು ಒಣ ಬಗೆ. ಎಂಜಿನ್ನಿನಿಂದ ಹೊರಟ ಕಬ್ಬಿಣದ ಕೊಳವೆ ಮೇಲೇರಿ, ಕ್ಯಾಬಿನ್ನಿನ ಮಾಡನ್ನು ತೂರಿ, ಆಕಾಶಕ್ಕೆ ಬಾಯಿ ತೆರೆಯುತ್ತದೆ. ಟ್ರ್ಯಾಕ್ಟರಿನ ಮೂತಿಯ ಮೇಲೆ ನಿಂತಿರುತ್ತದಲ್ಲ, ಆ ಕೊಳವೆಯ ಅಣ್ಣ ಇದು. ವಿಹಾರಕ್ಕೆ ಹೋಗುವ ಯಾಟ್‌ಗಳಲ್ಲಿ, ಅನೇಕ ಗಸ್ತು ದೋಣಿಗಳಲ್ಲಿ, ಪ್ರಯಾಣಿಕರ ಸಣ್ಣ ಬೋಟುಗಳಲ್ಲಿ ಇರುವುದು ಒದ್ದೆ ಬಗೆ. ಅಲ್ಲಿ ಹೊಗೆ ಮೇಲಕ್ಕೆ ಹೋಗುವುದಿಲ್ಲ. ದೋಣಿಯ ಹಿಂಬದಿಯಿಂದ, ನೀರಿನ ಮಟ್ಟಕ್ಕೆ ತುಸುವೇ ಮೇಲೆ, ನೀರಿನ ಜತೆ ಬೆರೆತು ಗುಳುಗುಳು ಎಂದು ಹೊರಬೀಳುತ್ತದೆ. ದೋಣಿಯ ಹಿಂದೆ ನೇತುಹಾಕುವ ಔಟ್‌ಬೋರ್ಡ್ ಯಂತ್ರಗಳಿಗೆ ಈ ತಾಪತ್ರಯವಿಲ್ಲ. ಅದರ ಹೊಗೆ, ನೀರು, ಸೋರಿಕೆ ಎಲ್ಲವೂ ದೋಣಿಯ ಹೊರಗೇ.

ಮೊದಲು ಒಣ ಕೊಳವೆಯನ್ನು ನೋಡೋಣ. ಒಣ ಎಂಬ ಹೆಸರಿದ್ದರೂ ಇದಕ್ಕೆ ಮೂರು ದಾರಿಯಿಂದ ನೀರು ಬರುತ್ತದೆ: ಬಾಯಿಯಿಂದ, ಬಗಲಿನಿಂದ, ಹೊಟ್ಟೆಯೊಳಗಿನಿಂದ.

ಬಾಯಿಯ ನೀರೆಂದರೆ ಮಳೆ. ಕೊಳವೆಯ ಬಾಯಿ 15 ಸೆಂಟಿಮೀಟರ್ ಅಗಲ ಇದೆಯೆನ್ನಿ. ರಜೆಯ ಎರಡು ತಿಂಗಳಲ್ಲಿ 2 ಸಾವಿರ ಮಿಲಿಮೀಟರ್ ಮಳೆ ಬಿತ್ತೆನ್ನಿ. ಉಡುಪಿಯ ಕಡೆಯವರಿಗೆ ಇದೇನೂ ಉತ್ಪ್ರೇಕ್ಷೆ ಅನಿಸದು. ಆ ತೆರೆದ ಬಾಯಿಗೆ ಇಳಿಯುವ ನೀರು ಸುಮಾರು 35 ಲೀಟರ್. ಎರಡು ಕೊಡಕ್ಕೂ ಮಿಗಿಲು. ಅದು ಹೋಗಿ ನಿಲ್ಲುವುದು ಸೈಲೆನ್ಸರಿನಲ್ಲಿ. ಅಲ್ಲಿ ತುಂಬಿದ ಮೇಲೆ ಇನ್ನೂ ಕೆಳಗೆ, ಎಂಜಿನ್ನಿನ ಯಾವ ವಾಲ್ವು ತೆರೆದುಕೊಂಡು ನಿಂತಿದೆಯೋ ಆ ಸಿಲಿಂಡರಿನಲ್ಲಿ. ಟ್ರ್ಯಾಕ್ಟರ್ ಇಟ್ಟ ರೈತರು ಸಂಜೆ ಕೊಳವೆಯ ಮೇಲೆ ಹಳೇ ಡಬ್ಬವೊಂದನ್ನು ಬೋರಲು ಹಾಕುವುದು ಈ ಕಾರಣಕ್ಕೆ. ಬೋಟಿಗೂ ಅದೇ ಮದ್ದು. ಡಬ್ಬ ಗಾಳಿಗೆ ಹಾರದಂತೆ ಕಟ್ಟಬೇಕು, ಆಗಸ್ಟಿನಲ್ಲಿ ಎಂಜಿನ್ ಹಚ್ಚುವ ಮೊದಲು ತೆಗೆಯಬೇಕು. ಕಡಲಿನಲ್ಲಿದ್ದಾಗ ಡಬ್ಬ ಇಡಲಾಗದಲ್ಲ, ಆಗಿನ ಮಳೆಗೆ ಕೊಳವೆಯ ತುದಿಯನ್ನೇ ಹಿಂದಕ್ಕೆ ಬಾಗಿಸುವುದುಂಟು. ಹೊಗೆಯ ರಭಸಕ್ಕೆ ತಾನಾಗಿ ತೆರೆದು, ಎಂಜಿನ್ ನಿಂತಾಗ ತಾನಾಗಿ ಮುಚ್ಚುವ ಮುಚ್ಚಳ ಹಾಕುವುದೂ ಉಂಟು.

ಒಂದು ವೇಳೆ ಮಳೆ ನೀರು ಇಳಿದಿದೆ ಎಂಬ ಗುಮಾನಿ ಇದ್ದರೆ ಕೀಲಿ ತಿರುಗಿಸುವ ಗಂಡೆದೆ ಬೇಡ. ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು. ನೀರು ತುಂಬಿದ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಲು ಹೋದರೆ ಅದನ್ನು ಹಿಡಿದ ಕನೆಕ್ಟಿಂಗ್ ರಾಡು ಬಾಗುತ್ತದೆ. ಇಂಜೆಕ್ಟರುಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿದರೆ ನೀರು ಆ ತೂತುಗಳಿಂದ ಚಿಮ್ಮಿ ಹೋಗುತ್ತದೆ. ಆಮೇಲೆ ಆಯಿಲ್ ನೋಡಬೇಕು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಬದಲಿಸಲೇಬೇಕು.

ಇನ್ನು ಬಗಲಿನ ನೀರು. ಕೊಳವೆ ಮಾಡನ್ನು ತೂರುವ ಜಾಗದಲ್ಲಿ, ಅದರ ಸುತ್ತಲಿನ ಸಂದಿಯಿಂದ ಇಳಿಯುವ ಸೋರಿಕೆ ಇದು. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಬಚ್ಚಲೊಲೆಯ ಹೊಗೆಕೊಳವೆ ಹೆಂಚಿನ ಮಾಡು ದಾಟುವಲ್ಲಿ ಪ್ರತಿ ಮಳೆಗಾಲವೂ ಸೋರುವುದನ್ನು ಕಂಡವರಿಗೆ ಇದರ ಪರಿಚಯ ಇದ್ದೇ ಇದೆ. ಸಿಮೆಂಟು ಮೆತ್ತಿದರೆ ಬಿರುಕು ಬಿಡುತ್ತದೆ, ಡಾಂಬರು ಬಳಿದರೆ ಕರಗಿ ಇಳಿಯುತ್ತದೆ. ಯಾಕೆ? ಕೊಳವೆ ಒಂದೇ ಕಡೆ ನಿಲ್ಲುವುದಿಲ್ಲ. ಬಿಸಿಯಾದಾಗ ಉಕ್ಕು ಹಿಗ್ಗುತ್ತದೆ. 3 ಮೀಟರ್ ಉದ್ದದ ಕೊಳವೆಯ ಬಿಸಿ 300 ಡಿಗ್ರಿ ಏರಿದರೆ ಉದ್ದ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಎಂಜಿನ್ ಆರಿಸಿದರೆ ಮತ್ತೆ ಕುಗ್ಗುತ್ತದೆ. ದಿನವೂ ಒಂದು ಸೆಂಟಿಮೀಟರ್ ಏರಿಳಿಯುವ ಸಾಮಾನನ್ನು ಯಾವ ಅಂಟು ತಾನೇ ಹಿಡಿದೀತು? ಹಿಡಿದರೆ ಇನ್ನೂ ಕಷ್ಟ. ಮೇಲೆ ಹಿಗ್ಗಲು ಎಡೆಯಿಲ್ಲದ ಕೊಳವೆ ಕೆಳಗೆ ಎಂಜಿನ್ನನ್ನು ಒತ್ತುತ್ತದೆ. ಅಲ್ಲಿ ಫ್ಲೇಂಜು ಸೊಟ್ಟಗಾಗಿ, ಗ್ಯಾಸ್ಕೆಟ್ ಹರಿದು, ಎಂಜಿನ್ ಕೋಣೆಗೆ ಹೊಗೆ ನುಗ್ಗುತ್ತದೆ. ಮಾಡಿನ ಸೋರಿಕೆ ನಿಲ್ಲಿಸಲು ಹೋಗಿ ಹೊಗೆಯನ್ನು ಒಳಗೆ ಕರೆದಂತಾಯಿತು.

ಇದಕ್ಕೆ ಬಲ್ಲವರು ಮಾಡುವ ಉಪಾಯ ಸರಳ. ಮಾಡಿಗೊಂದು ಕಟ್ಟೆ, ಕೊಳವೆಗೊಂದು ಕೊಡೆ. ಮಾಡಿನ ತೂತಿನ ಸುತ್ತ, ಕೊಳವೆಗಿಂತ ಅಗಲವಾದ ತಗಡಿನ ಬಳೆಯೊಂದನ್ನು ನಾಲ್ಕು ಬೆರಳು ಎತ್ತರಕ್ಕೆ ನಿಲ್ಲಿಸಿ, ಅದರ ಬುಡವನ್ನು ಮಾಡಿಗೆ ಭದ್ರವಾಗಿ ಅಂಟಿಸುತ್ತಾರೆ. ಇದು ಕಟ್ಟೆ. ಮಾಡಿನ ಮೇಲೆ ಹರಿಯುವ ನೀರು ಇದನ್ನು ದಾಟದು. ಕಟ್ಟೆಗಿಂತ ತುಸು ಮೇಲೆ ಕೊಳವೆಗೇ ಒಂದು ಇಳಿಜಾರು ತಗಡನ್ನು ಸುತ್ತಲೂ ಬೆಸುಗೆ ಹಾಕುತ್ತಾರೆ. ಅದು ಕೊಡೆ. ಕೊಡೆಯ ಅಂಚು ಕಟ್ಟೆಯ ಹೊರಗೆ ಇಳಿಬೀಳುತ್ತದೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ, ಅಂಟಿನ ಮಾತೇ ಇಲ್ಲ. ಕೊಳವೆ ಬೇಕಾದಷ್ಟು ಹಿಗ್ಗಲಿ, ಕುಗ್ಗಲಿ, ನಡುಗಲಿ. ಮಳೆ ಮಾತ್ರ ಒಳಗೆ ಬರದು. ನಡುವೆ ಉಳಿದ ಗಾಳಿಯ ಸಂದಿಯಿಂದ ಇನ್ನೊಂದು ಲಾಭ: ಮಾಡಿನ ಮರ ಬಿಸಿ ಕೊಳವೆಗೆ ತಾಗಿ ಕರಕಲಾಗುವುದು ತಪ್ಪುತ್ತದೆ. ಕೊಳವೆಯ ಭಾರವನ್ನು ಎಂಜಿನ್ನಿನ ತಲೆಯ ಮೇಲೆ ಹೊರಿಸದೆ ಮೇಲಿನಿಂದ ತೂಗುಹಾಕಿ, ಎಂಜಿನ್ನಿಗೂ ಕೊಳವೆಗೂ ನಡುವೆ ಅಕಾರ್ಡಿಯನ್ನಿನಂತೆ ಮಡಿಕೆಯಿರುವ ತುಂಡೊಂದನ್ನು ಹಾಕಿದರೆ ನಡುಕದ ಕಾಟವೂ ಮುಗಿಯಿತು.

ಹೊಟ್ಟೆಯೊಳಗಿನ ನೀರು ಸೋಜಿಗದ್ದು. ಡೀಸೆಲ್ಲಿನಲ್ಲಿ ಹೈಡ್ರೊಜನ್ ಇದೆ. ಅದು ಉರಿದಾಗ ನೀರಾಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಕೊಳವೆ ಬಿಸಿಯಿದ್ದಾಗ ಅದು ಆವಿಯಾಗಿ ಹೊಗೆಯ ಜತೆ ಹೋಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ತಣ್ಣನೆಯ ಎಂಜಿನ್ನನ್ನು ಬೆಳಗ್ಗೆ ಹಚ್ಚಿದಾಗ ಮಾತ್ರ ಆವಿ ಕೊಳವೆಯ ಗೋಡೆಗೆ ತಾಗಿ ಹನಿಗಟ್ಟಿ ಕೆಳಗಿನ ಜೋಡಣೆಯಲ್ಲಿ ತೊಟ್ಟಿಕ್ಕುತ್ತದೆ. ಹತ್ತು ನಿಮಿಷಕ್ಕೆ ನಿಂತುಹೋಗುವ ಈ ಹನಿಗೆ ಹೆದರಬೇಕಾಗಿಲ್ಲ. ಕೊಳವೆಯ ಅತಿ ತಗ್ಗಿನ ಜಾಗದಲ್ಲಿ ಒಂದು ತಿರುಪು ಬಿರಡೆ ಇರಿಸಿ ಆಗಾಗ ಬಿಚ್ಚಿ ಹರಿಯಬಿಟ್ಟರೆ ಸಾಕು. ಬಿಡದಿದ್ದರೆ ಅದು ಅಲ್ಲೇ ನಿಂತು ಕಬ್ಬಿಣ ತಿನ್ನುತ್ತದೆ. ಕೊಳವೆಗೆ ಬಿಸಿ ತಡೆಯಲು ಸುತ್ತಿದ ಪಟ್ಟಿಯೂ ಅಷ್ಟೆ. ಒದ್ದೆಯಾಗಿ ಉಳಿದರೆ ಅದರಡಿಯ ತುಕ್ಕು ಹೊರಗೆ ಕಾಣುವುದೇ ಇಲ್ಲ. ಅಂದಹಾಗೆ, ಹಳೇ ಬೋಟಿನಲ್ಲಿ ಕಲ್ನಾರಿನ ಹಗ್ಗ ಸುತ್ತಿದ್ದರೆ ಅದನ್ನು ಒಣಗಿದ್ದಾಗ ಕಿತ್ತು ಧೂಳೆಬ್ಬಿಸಬೇಡಿ. ಆ ಧೂಳು ಶ್ವಾಸಕೋಶಕ್ಕೆ ವೈರಿ.

ಈಗ ಒದ್ದೆ ಕೊಳವೆ. ಹೊಗೆಗೆ ಬೇಕೆಂದೇ ನೀರು ಬೆರೆಸುವ ವ್ಯವಸ್ಥೆ ಇದು. ಎಂಜಿನ್ ತಂಪು ಮಾಡಲು ಪಂಪು ಕಡಲಿನಿಂದ ನೀರು ಸೇದುತ್ತದೆ. ತನ್ನ ಕೆಲಸ ಮುಗಿಸಿದ ಆ ನೀರನ್ನು ಕೊನೆಗೆ ಹೊಗೆಯ ದಾರಿಗೆ ಸುರಿಯುತ್ತಾರೆ. ಕಬ್ಬಿಣ ಸುಡುವಂತಿದ್ದ ಹೊಗೆ ಕ್ಷಣಾರ್ಧದಲ್ಲಿ ರಬ್ಬರ್ ಕೊಳವೆ ತಡೆಯುವಷ್ಟು ತಣ್ಣಗಾಗುತ್ತದೆ. ಸದ್ದೂ ಅಡಗುತ್ತದೆ. ನೀರು, ಹೊಗೆ ಎರಡೂ ಒಂದು ಡಬ್ಬದಲ್ಲಿ ಸೇರಿ, ಅಲ್ಲಿಂದ ಹೊಗೆಯ ಒತ್ತಡಕ್ಕೆ ಮೇಲೆದ್ದು, ಕೊಕ್ಕರೆಯ ಕತ್ತಿನಂತೆ ಬಾಗಿದ ಹೋಸ್ ಪೈಪಿನ ಮೂಲಕ ದೋಣಿಯ ಹಿಂಬದಿಯ ತೂತಿಗೆ ಇಳಿಯುತ್ತವೆ. ಆ ಕೊಕ್ಕರೆ ಕತ್ತು ನೀರಿನ ಮಟ್ಟಕ್ಕಿಂತ ಸಾಕಷ್ಟು ಎತ್ತರ ಇರಲೇಬೇಕು. ಇಲ್ಲವಾದರೆ ಹಿಂದಿನಿಂದ ಬಂದ ತೆರೆ ಅದೇ ದಾರಿಯಲ್ಲಿ ಎಂಜಿನ್ನಿಗೆ ನುಗ್ಗುತ್ತದೆ.

ಈ ದಾರಿಯಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದು ನೀರು ಹೊಗೆ ಸಂಧಿಸುವ ಜಾಗ. ಮೊಣಕೈಯಂತೆ ಬಾಗಿರುವ ಈ ತುಂಡಿಗೆ ಮೆಕ್ಯಾನಿಕ್‌ಗಳು ‘ಎಲ್ಬೊ’ ಎನ್ನುತ್ತಾರೆ. ಬಿಸಿ, ಉಪ್ಪು, ಆಮ್ಲಜನಕ ಮೂರೂ ಸೇರುವುದು ಇಲ್ಲೇ. ಹಿಂದೆ ಡೀಸೆಲ್ಲಿನ ಗಂಧಕ ಉರಿದು, ನೀರು ಸೇರಿ, ಗಂಧಕಾಮ್ಲವೂ ಆಗುತ್ತಿತ್ತು. 2020ರ ಏಪ್ರಿಲ್‌ನಿಂದ ದೇಶದ ಬಂಕುಗಳ ಡೀಸೆಲ್ಲಿನಲ್ಲಿ ಗಂಧಕ 10 ಲಕ್ಷಕ್ಕೆ 10 ಭಾಗದಷ್ಟಕ್ಕೆ ಇಳಿದಿರುವುದರಿಂದ ಆಮ್ಲದ ಕಾಟ ಕಡಿಮೆ. ಉಪ್ಪಿನ ಕಾಟಕ್ಕೆ ಯಾವ ಸರಕಾರದ ಆದೇಶವೂ ತಗಲುವುದಿಲ್ಲ. ಬೀಡುಕಬ್ಬಿಣದ ಎಲ್ಬೊ ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲೂ ಬಿಸಿ ಉಪ್ಪುನೀರಿನಲ್ಲಿ ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯ ತೂತು ಬಿಡುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಏನೂ ಉಳಿದಿರುವುದಿಲ್ಲ. ವರ್ಷಕ್ಕೊಮ್ಮೆ ಹೋಸ್ ಕಳಚಿ, ಒಳಗೆ ಬೆಳಕು ಬಿಟ್ಟು, ಸ್ಕ್ರೂಡ್ರೈವರಿನಿಂದ ಕೆದಕಿ ನೋಡದ ಹೊರತು ಗೊತ್ತಾಗದು. ಒಳಗೋಡೆಯೇ ಕುಸಿದರೆ ನೀರು ಹೊರಗೆ ತೊಟ್ಟಿಕ್ಕುವ ಬದಲು ಎಂಜಿನ್ನಿನ ಕಡೆಗೇ ಹರಿಯುತ್ತದೆ. ಹೊರಗೆ ಕಾಣುವ ಸೋರಿಕೆಗಿಂತ ಅದು ಕೆಟ್ಟದ್ದು.

ಈಗ ಪತ್ತೇದಾರಿ ಕೆಲಸ. ನೀರು ಕೊಳವೆಯ ಕೆಳಮೈಯಗುಂಟ ಮಾರುದೂರ ಹರಿದು, ತಗ್ಗು ಸಿಕ್ಕಲ್ಲಿ ಹನಿ ಬೀಳಿಸುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಪ್ರತಿ ಜೋಡಣೆಗೂ ಸೀಮೆಸುಣ್ಣ ಉಜ್ಜಬೇಕು, ಪ್ರತಿ ಜೋಡಣೆಯ ಕೆಳಗೂ ಹಳೇ ಪತ್ರಿಕೆಯ ಹಾಳೆ ಹಾಸಬೇಕು. (ಈ ಪುರವಣಿಯೂ ಆದೀತು, ಓದಿ ಮುಗಿದ ಮೇಲೆ.) ಎಂಜಿನ್ ಬಿಸಿಯಾದ ಮೇಲೆ ಕೈ ಹಾಕದೆ, ಟಾರ್ಚು ಹಿಡಿದು ನೋಡುತ್ತ ಕೂರಬೇಕು. ಸುಣ್ಣ ಎಲ್ಲಿ ಮೊದಲು ಕಪ್ಪಿಟ್ಟಿತೋ ಅದೇ ಕಳ್ಳನ ಮನೆ.

ಸೋರಿಕೆಯ ಹೊತ್ತೂ ಸುಳಿವು ಕೊಡುತ್ತದೆ. ಎಂಜಿನ್ ನಿಂತಿದ್ದಾಗಲೂ ಸೋರಿದರೆ ಕಡಲು ಹೊರಗಿನಿಂದ ಬರುತ್ತಿದೆ. ಹಿಂಬದಿಯ ತೂತಿನ ಜೋಡಣೆ ನೋಡಿ. ಎಂಜಿನ್ ಓಡುವಾಗ ಮಾತ್ರ ಸೋರಿದರೆ ಪಂಪಿನ ನೀರು. ಎಲ್ಬೊ, ಡಬ್ಬ, ಹೋಸ್ ಪೈಪಿನ ತುದಿಗಳನ್ನು ನೋಡಿ. ಜನ ಹತ್ತಿದಾಗ, ಇಲ್ಲವೇ ವೇಗ ಹೆಚ್ಚಿ ಹಿಂಬದಿ ತಗ್ಗಿದಾಗ ಮಾತ್ರ ಸೋರಿದರೆ, ಬಂದರಿನಲ್ಲಿ ನೀರಿನ ಮೇಲಿದ್ದ ಜೋಡಣೆ ಈಗ ನೀರಿನ ಅಡಿಗೆ ಹೋಗಿದೆ ಎಂದರ್ಥ. ಮಳೆಯಲ್ಲಿ ಮಾತ್ರ ಸೋರಿದರೆ ಮಾಡು ನೋಡಿ.

ಬಣ್ಣವೂ ಸಾಕ್ಷಿ ಹೇಳುತ್ತದೆ. ಜೋಡಣೆಯ ಸುತ್ತ ಬಿಳಿ ಉಪ್ಪಿನ ಪುಡಿ ಕಂಡರೆ ಕಡಲ ನೀರು ಅಲ್ಲಿ ಜಿನುಗಿ ಒಣಗುತ್ತಿದೆ. ಕಂದು ಗೆರೆಯೆಂದರೆ ಕಬ್ಬಿಣ ಕರಗುತ್ತಿದೆ. ಕಪ್ಪು ಮಸಿಯೆಂದರೆ ನೀರಿನ ಜತೆ ಹೊಗೆಯೂ ಹೊರಬರುತ್ತಿದೆ. ತಳದಲ್ಲಿ ನಿಂತ ನೀರು ಕಡಲಿನದೋ ಸಿಹಿಯೋ ಎಂದು ನಾಲಗೆಗೆ ಹಚ್ಚಿ ನೋಡುವ ಅಭ್ಯಾಸ ಬೇಡ. ಎಂಜಿನ್ನಿನ ಒಳಗೆ ಸುತ್ತುವ ಕೂಲೆಂಟ್ ದ್ರವ ಸಿಹಿಯಾಗಿಯೇ ಇರುತ್ತದೆ, ವಿಷವೂ ಹೌದು. ಬಿಸಿ ತಗಡಿನ ಮೇಲೆ ಒಂದು ಹನಿ ಹಾಕಿ. ಆರಿದ ಮೇಲೆ ದಪ್ಪ ಬಿಳಿ ಕಲೆ ಉಳಿದರೆ ಅದು ಕಡಲು.

ಜಾಗ ಸಿಕ್ಕಿದ ಮೇಲೆ ದುರಸ್ತಿ ಅಷ್ಟು ಕಷ್ಟವಲ್ಲ. ಹೋಸ್ ಪೈಪಿನ ತುದಿ ಸೋರುತ್ತಿದ್ದರೆ ಕ್ಲಿಪ್ಪನ್ನು ಇನ್ನಷ್ಟು ಬಿಗಿಯುವುದು ಎಲ್ಲರಿಗೂ ಹೊಳೆಯುವ ಉಪಾಯ. ಅತಿಯಾಗಿ ಬಿಗಿದರೆ ಕ್ಲಿಪ್ಪು ರಬ್ಬರನ್ನೇ ಕೊಯ್ಯುತ್ತದೆ. ಹೋಸ್ ಕಳಚಿ ತುದಿ ನೋಡಿ. ಗಟ್ಟಿಯಾಗಿ ಬಿರುಕುಬಿಟ್ಟಿದ್ದರೆ, ಒಳಪದರ ಮೆತ್ತಗಾಗಿ ಕಿತ್ತುಬರುತ್ತಿದ್ದರೆ ಹೊಸದು ಹಾಕಬೇಕು. ಹೊಗೆಕೊಳವೆಗೆಂದೇ ಮಾಡಿದ, ತಂತಿಯ ಸುರುಳಿಯಿರುವ ರಬ್ಬರ್ ಹೋಸ್ ಸಿಗುತ್ತದೆ. ತೋಟಕ್ಕೆ ನೀರು ಬಿಡುವ ಪೈಪು ಇಲ್ಲಿಗೆ ಆಗದು. ಪ್ರತಿ ತುದಿಗೂ ಎರಡೆರಡು ಕ್ಲಿಪ್ಪು ಹಾಕುವುದು ನಾವಿಕರ ಹಳೇ ರೂಢಿ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಕ್ಲಿಪ್ಪಿನ ಪಟ್ಟಿ ಸ್ಟೇನ್‌ಲೆಸ್ ಇದ್ದು ತಿರುಪು ಮಾತ್ರ ಸಾದಾ ಕಬ್ಬಿಣದ್ದಾಗಿರುವುದುಂಟು. ಕೊಳ್ಳುವಾಗ ತಿರುಪಿಗೆ ಅಯಸ್ಕಾಂತ ತಾಗಿಸಿ ನೋಡಿ. ಗಟ್ಟಿಯಾಗಿ ಹಿಡಿದುಕೊಂಡರೆ ಅಂಗಡಿಗೇ ಬಿಟ್ಟುಬನ್ನಿ.

ಫ್ಲೇಂಜಿನ ಗ್ಯಾಸ್ಕೆಟ್ ಸೋರಿದರೂ ನಟ್ಟು ಬಿಗಿಯುವುದೇ ಮದ್ದಲ್ಲ. ಬಿಗಿದಷ್ಟೂ ಫ್ಲೇಂಜಿನ ಅಂಚು ಬಾಗಿ ನಡುವೆ ಸಂದಿ ದೊಡ್ಡದಾಗುತ್ತದೆ. ಬಿಚ್ಚಿ, ಎರಡೂ ಮುಖಗಳನ್ನು ಕೆರೆದು, ಉಕ್ಕಿನ ಪಟ್ಟಿ ಇಟ್ಟು ಮಟ್ಟ ನೋಡಿ, ಹೊಸ ಗ್ಯಾಸ್ಕೆಟ್ ಹಾಕಬೇಕು. ಬೋಲ್ಟುಗಳನ್ನು ಒಂದಾದ ಮೇಲೆ ಪಕ್ಕದ್ದಲ್ಲ, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಂಜಿನ್ ಒಮ್ಮೆ ಬಿಸಿಯಾಗಿ ಆರಿದ ಮೇಲೆ ಮತ್ತೊಮ್ಮೆ ನೋಡಬೇಕು.

ಹಿಂಬದಿಯ ತೂತಿನ ಜೋಡಣೆಗೆ ತಾಳ್ಮೆ ಬೇಕು. ಹೊರಗಿನಿಂದ ಸುತ್ತಲೂ ಅಂಟು ಬಳಿದರೆ ನೀರು ಒಳಗೆ ಬರುವುದು ನಿಂತಂತೆ ಕಂಡು, ಮರದ ಒಳಗೇ ಇಂಗತೊಡಗುತ್ತದೆ. ಫೈಬರ್ ದೋಣಿಗಳಲ್ಲೂ ಎರಡು ಪದರಗಳ ನಡುವೆ ಪ್ಲೈವುಡ್ ಇರುವುದುಂಟು. ಆ ಪ್ಲೈವುಡ್ ಕೊಳೆತರೆ ಬೋಲ್ಟು ಹಿಡಿಯುವುದು ಯಾವುದನ್ನು? ಆದ್ದರಿಂದ ದೋಣಿ ನೀರಿನಿಂದ ಮೇಲಿರುವಾಗಲೇ ಜೋಡಣೆಯನ್ನು ಪೂರ್ತಿ ಬಿಚ್ಚಬೇಕು. ಹಳೇ ಅಂಟನ್ನೆಲ್ಲ ತೆಗೆಯಬೇಕು. ಬೋಲ್ಟಿನ ತೂತುಗಳಲ್ಲಿ ಮರ ಮೆತ್ತಗಾಗಿದ್ದರೆ ತೂತು ದೊಡ್ಡದು ಮಾಡಿ, ಒಣಗಿಸಿ, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು ಕೊರೆಯಬೇಕು. ಆಗ ಬೋಲ್ಟಿನ ಸುತ್ತ ಮರವೇ ಇರುವುದಿಲ್ಲ, ಕೊಳೆಯುವ ಮಾತೂ ಇಲ್ಲ. ಅಂಟು ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಅಥವಾ ಪಾಲಿಸಲ್ಫೈಡ್ ಜಾತಿಯದಾಗಿರಲಿ. ಬಚ್ಚಲುಮನೆಯ ಸಿಲಿಕೋನ್ ಇಲ್ಲಿಗೆ ಬೇಡ. ಅದರ ಮೇಲೆ ಬಣ್ಣ ನಿಲ್ಲದು, ಒಮ್ಮೆ ಬಳಿದ ಕಡೆ ಮುಂದೆ ಬೇರೆ ಅಂಟೂ ಹಿಡಿಯದು. ಮೊದಲ ಸಲ ಅರ್ಧ ಬಿಗಿದು, ಅಂಟು ರಬ್ಬರಿನಂತಾದ ಮೇಲೆ ಪೂರ್ತಿ ಬಿಗಿಯುವುದು ಒಳ್ಳೆಯ ಕ್ರಮ. ಒಮ್ಮೆಗೇ ಬಿಗಿದರೆ ಅಂಟೆಲ್ಲ ಹಿಂಡಿ ಹೊರಗೆ ಬಂದು ನಡುವೆ ಏನೂ ಉಳಿಯುವುದಿಲ್ಲ. ಈ ಅಂಟುಗಳೆಲ್ಲ ತಣ್ಣಗಿನ ಜೋಡಣೆಗೆ ಮಾತ್ರ. ಬಿಸಿ ಒಣಕೊಳವೆಗೆ ಯಾವುದೂ ಹೊಂದದು.

ಬೋಲ್ಟು ಯಾವ ಲೋಹದ್ದು ಎಂಬುದೂ ಮುಖ್ಯ. ಇದನ್ನು ಬ್ರಿಟಿಷ್ ನೌಕಾಪಡೆ ದುಬಾರಿ ಬೆಲೆ ತೆತ್ತು ಕಲಿಯಿತು. 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ಮರಕೊರಕ ಹುಳು ಹಿಡಿಯದಿರಲೆಂದು ತಾಮ್ರದ ತಗಡು ಹೊದಿಸಿದರು. ಎರಡು ವರ್ಷಗಳಲ್ಲಿ ತಾಮ್ರ ಚೆನ್ನಾಗಿಯೇ ಇತ್ತು, ಅದನ್ನು ತಾಗಿದ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು. ತಗಡಿಗೆ ಸುತ್ತಿ ಬಂದಿದ್ದ ಕಂದು ಕಾಗದ ಅಕಸ್ಮಾತ್ ನಡುವೆ ಉಳಿದುಕೊಂಡಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ಮುಟ್ಟಿದರೆ ಅದೊಂದು ಬ್ಯಾಟರಿ. ಒಂದು ಲೋಹ ಬದುಕುತ್ತದೆ, ಇನ್ನೊಂದು ಕರಗುತ್ತದೆ. 1824ರಲ್ಲಿ ಹಂಫ್ರಿ ಡೇವಿ ಇದನ್ನೇ ತಿರುಗಿಸಿ, ಸತು ಅಥವಾ ಕಬ್ಬಿಣದ ತುಂಡನ್ನು ಬಲಿಗೊಟ್ಟು ತಾಮ್ರವನ್ನು ಉಳಿಸುವ ದಾರಿ ತೋರಿಸಿದ. ಇಂದಿಗೂ ದೋಣಿಗಳ ತಳಕ್ಕೆ ಸತುವಿನ ತುಂಡು ಕಟ್ಟುವುದು ಅದಕ್ಕೇ. ಅಲ್ಯೂಮಿನಿಯಂ ಜೋಡಣೆಗೆ ಸ್ಟೇನ್‌ಲೆಸ್ ಬೋಲ್ಟು ಹಾಕಿ ‘ಮತ್ತೆ ಸೋರಿತಲ್ಲ’ ಎಂದು ಕೊರಗುವವರು ಆ ಕಂದು ಕಾಗದವನ್ನು ನೆನಪಿಸಿಕೊಳ್ಳಬೇಕು. ನಡುವೆ ಪ್ಲಾಸ್ಟಿಕ್ ವಾಷರ್ ಇಟ್ಟರೂ ಬಹಳಷ್ಟು ಕಾಟ ತಪ್ಪುತ್ತದೆ.

ಇಷ್ಟೆಲ್ಲ ರಗಳೆ ಒಂದು ಹನಿಗೆ ಬೇಕೆ? ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತಿನ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೊಂದು ಹನಿಯಂತೆ ಬಿದ್ದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು. ಇದನ್ನು ಪಂಪು ಎತ್ತಿ ಹಾಕೀತು. ಆದರೆ ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗೆ ಒಂದು ಹೋಸ್ ಕಳಚಿ, 25 ಮಿಲಿಮೀಟರಿನ ತೂತು ತೆರೆದುಕೊಂಡಿತೆನ್ನಿ. ನಿಮಿಷಕ್ಕೆ 40 ಲೀಟರಿಗಿಂತ ಹೆಚ್ಚು ನೀರು ಒಳಗೆ ಬರುತ್ತದೆ. ಅರ್ಧ ಗಂಟೆಯೊಳಗೆ ಒಂದು ಟನ್. ಇಂದಿನ ಹನಿ ನಾಳೆಯ ಕಳಚಿದ ಹೋಸ್ ಆಗಲು ಒಂದು ತುಕ್ಕು ಹಿಡಿದ ಕ್ಲಿಪ್ಪು ಸಾಕು. ಅದಕ್ಕೇ ಅನುಭವಸ್ಥರು ಪ್ರತಿ ತೂತಿನ ಪಕ್ಕದಲ್ಲೂ ಅದರ ಅಳತೆಯ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಟ್ಟಿರುತ್ತಾರೆ. ಹೊಗೆಯ ತೂತಿಗೆ ಬೆಣೆ ಹೊಡೆದವರು ಎಂಜಿನ್ನಿನ ಕೀಲಿಗೆ ಒಂದು ಚಿಂದಿ ಬಟ್ಟೆ ಕಟ್ಟಿಟ್ಟರೆ ಒಳ್ಳೆಯದು. ಮರೆತು ಎಂಜಿನ್ ಹಚ್ಚುವುದು ತಪ್ಪುತ್ತದೆ.

ಕಣ್ಣಿಗೆ ಕಾಣುವ ಈ ಅಪಾಯಕ್ಕಿಂತ ಕಾಣದ ಅಪಾಯ ದೊಡ್ಡದು. ನೀರು ಹೊರಬರುವ ಸಂದಿಯಿಂದ ಹೊಗೆಯೂ ಬರುತ್ತದೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಹೆಚ್ಚು, ಡೀಸೆಲ್ಲಿನಲ್ಲಿ ಕಡಿಮೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ. ಕಡಲಿನಲ್ಲಿ ಇಂಥ ಲಕ್ಷಣ ಕಂಡರೆ ಯಾರಾದರೂ ಹೇಳುವುದು ‘ತೆರೆಯ ತೂಗಾಟ, ಸ್ವಲ್ಪ ಮಲಗು’ ಎಂದೇ. ಮಲಗುವ ಕ್ಯಾಬಿನ್ ಎಂಜಿನ್ ಕೋಣೆಯ ಮೇಲೋ ಪಕ್ಕದಲ್ಲೋ ಇದ್ದರೆ, ಕಿಟಕಿ ಮುಚ್ಚಿದ್ದರೆ, ಆ ನಿದ್ದೆಯಿಂದ ಏಳುವುದು ಖಾತ್ರಿಯಿಲ್ಲ. ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು ಬಂದರೆ, ಗಾಳಿಗೆ ಬಂದ ಕೂಡಲೇ ಹಗುರಾದರೆ, ಅದು ಕಡಲ ಕಾಯಿಲೆಯಲ್ಲ. ಎಂಜಿನ್ ಆರಿಸಿ, ಎಲ್ಲರನ್ನೂ ಹೊರಗೆ ಕರೆತಂದು, ಆಮೇಲೆ ಕೊಳವೆಯ ಜೋಡಣೆಗಳಲ್ಲಿ ಕಪ್ಪು ಮಸಿ ಹುಡುಕಬೇಕು. ಈ ಅನಿಲವನ್ನು ಗುರುತಿಸಿ ಕೂಗುವ ಪುಟ್ಟ ಅಲಾರಂಗಳು ಈಗ ಸಿಗುತ್ತವೆ. ಮಲಗುವ ಜಾಗದಲ್ಲಿ ಒಂದಿರಲಿ.

ದಿನಗಟ್ಟಲೆ ಕಡಲಿನಲ್ಲಿರುವ ಬೋಟಿಗೆ ತುಂಬಿಸುವ ಡೀಸೆಲ್, ಐಸಿನ ಖರ್ಚಿನ ಮುಂದೆ ಒಂದು ಗ್ಯಾಸ್ಕೆಟ್, ಎರಡು ಕ್ಲಿಪ್ಪು, ಒಂದು ಮಾರು ಹೋಸ್ ಏನೇನೂ ಅಲ್ಲ. ಅವುಗಳ ಬಾಬತ್ತು ಮುಂದಿನ ವರ್ಷಕ್ಕೆ ಹೋಗುವುದು ಹಣದ ಕೊರತೆಯಿಂದಲ್ಲ, ಕೊಳವೆ ಎಲ್ಲರ ಕಣ್ಣಿಗೂ ಬರೀ ಹೊಗೆ ಹೋಗುವ ದಾರಿಯಾಗಿ ಕಾಣುವುದರಿಂದ. ಮಾಲೀಕರು ದಡದಲ್ಲಿರುತ್ತಾರೆ. ಆ ಕೊಳವೆಯ ಪಕ್ಕದಲ್ಲಿ ಚಾಪೆ ಹಾಸಿ ಮಲಗುವವರು ತಾಂಡೇಲ ಮತ್ತು ಅವನ ಹುಡುಗರು. ಮುಂದಿನ ಜೂನ್‌ನಲ್ಲಿ ದುರಸ್ತಿಯ ಪಟ್ಟಿ ಬರೆಯುವಾಗ ಮೊದಲ ಸಾಲನ್ನು ಅವರಿಂದಲೇ ಬರೆಸುವುದು ಒಳ್ಳೆಯದು.